ಒಂದು ಉಪನ್ಯಾಸ, ಮೂರು ಕ್ಯಾಮೆರಾ, ಒಂಬತ್ತು ಮಕ್ಕಳು

ಮಧ್ಯಾಹ್ನದ ಅಡಿಗೆ, ಊಟ, ಪಾತ್ರೆಗಳ ಗಲಾಟೆ ಮುಗಿದ ಮೇಲೆ ಟೀವಿಯಲ್ಲೋ ಮೊಬೈಲಿನಲ್ಲೋ ಯಾರಾದರೂ ವೈದ್ಯರ, ವಿದ್ವಾಂಸರ ಉಪನ್ಯಾಸವನ್ನು ನೀವು ಕೇಳಿಯೇ ಇರುತ್ತೀರಿ. ಒಮ್ಮೆ ಇಡೀ ವೇದಿಕೆ ಕಾಣುತ್ತದೆ. ಮರುಕ್ಷಣ ಮಾತನಾಡುವವರ ಮುಖ ಹತ್ತಿರ ಬರುತ್ತದೆ. ಅವರು ಚಿತ್ರಪಟದ ಕಡೆ ಕೈ ತೋರಿಸಿದರೆ ಚಿತ್ರಪಟ, ತಮಾಷೆ ಮಾಡಿದರೆ ಕೆಳಗೆ ಕುಳಿತು ನಗುವ ಮಕ್ಕಳು. ಎಲ್ಲ ತಾನಾಗಿಯೇ ಆಗುತ್ತಿದೆಯೇನೋ ಎನ್ನುವಷ್ಟು ಸಲೀಸು!

ಆದರೆ ತಾನಾಗಿಯೇ ಯಾವುದು ಆಗುತ್ತದೆ ಹೇಳಿ? ಸಾರಿಗೆ ಒಗ್ಗರಣೆ ಹದವಾಗಿ ಬಿದ್ದಿದ್ದರೆ ಉಣ್ಣುವವರು ಅದರ ಮಾತೇ ಎತ್ತುವುದಿಲ್ಲ. ಸೀದುಹೋದರೆ ಮಾತ್ರ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಈ ಕೆಲಸವೂ ಹಾಗೆಯೇ. ಚೆನ್ನಾಗಿ ಮಾಡಿದವರು ಕಣ್ಣಿಗೆ ಬೀಳುವುದಿಲ್ಲ.

ಈಗ ನಮ್ಮ ಎಷ್ಟೋ ಕಾಲೇಜುಗಳಲ್ಲಿ ಈ ಕೆಲಸವನ್ನು ಪತ್ರಿಕೋದ್ಯಮ ಓದುವ ಮಕ್ಕಳೇ ಮಾಡುತ್ತಾರೆ. ಅವರಲ್ಲಿ ಹುಡುಗಿಯರೂ ಇದ್ದಾರೆ. "ನಮ್ಮ ಹುಡುಗಿ ಕಾಲೇಜಿನಲ್ಲಿ ಕ್ಯಾಮೆರಾ ಹಿಡೀತಾಳಂತೆ" ಎಂಬ ಸುದ್ದಿ ಮನೆಗೆ ಬಂದಾಗ ಹಿರಿಯರ ಹುಬ್ಬು ಮೇಲೇರುವುದು ಸಹಜ. ಅದೇನು ಕೆಲಸ, ಅದರಿಂದ ಯಾರಿಗೆ ಪ್ರಯೋಜನ, ಅದರಲ್ಲಿ ಹೆಣ್ಣುಮಕ್ಕಳು ಎಚ್ಚರದಿಂದಿರಬೇಕಾದ್ದು ಏನು ಎಂಬುದನ್ನು ತಿಳಿದುಕೊಂಡು ಆಮೇಲೆ ಹೌದು ಅನ್ನೋಣ, ಅಲ್ಲ ಅನ್ನೋಣ.

ಪಾಠ ಮನೆಗೆ ಬಂದ ದಾರಿ

ದೂರದಲ್ಲಿ ಆಗುವ ಪಾಠವನ್ನು ಪರದೆಯ ಮೇಲೆ ನೋಡುವುದು ನಮ್ಮ ನಾಡಿಗೆ ಹೊಸದೇನಲ್ಲ. 1975ರ ಆಗಸ್ಟ್ 1ರಂದು ಅಮೆರಿಕದ ಒಂದು ಉಪಗ್ರಹದ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಬಂತು. 'ಸೈಟ್' ಎಂದು ಕರೆದ ಆ ಪ್ರಯೋಗ ಒಂದು ವರ್ಷ ನಡೆಯಿತು. ಈಗಿನ ವಿಜಯಪುರ, ಕಲಬುರಗಿ, ರಾಯಚೂರು ಕಡೆಯ ಹಳ್ಳಿಗಳೂ ಅದರಲ್ಲಿದ್ದವು. ಬೇಸಾಯ, ಆರೋಗ್ಯ, ಮಕ್ಕಳ ಪಾಠಗಳನ್ನು ಊರವರೆಲ್ಲ ಒಂದೇ ಪೆಟ್ಟಿಗೆಯ ಮುಂದೆ ಕುಳಿತು ನೋಡಿದರು.

1984ರ ಆಗಸ್ಟ್ 15ರಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು ದೂರದರ್ಶನದಲ್ಲಿ 'ಕಂಟ್ರಿವೈಡ್ ಕ್ಲಾಸ್‌ರೂಂ' ಎಂಬ ಕಾಲೇಜು ಪಾಠಗಳನ್ನು ಶುರುಮಾಡಿತು. 2003ರಲ್ಲಿ ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 'ಎನ್‌ಪಿಟಿಇಎಲ್' ಯೋಜನೆಯನ್ನು ಆರಂಭಿಸಿದವು. ಅದರ ಪಾಠಗಳನ್ನು ಯಾರು ಬೇಕಾದರೂ ದುಡ್ಡಿಲ್ಲದೆ ನೋಡಬಹುದು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ 'ಎಜುಸ್ಯಾಟ್' ಉಪಗ್ರಹ ಹಾರಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅದರ ಮೂಲಕ ತನ್ನ ಕಾಲೇಜುಗಳಿಗೆ ಪಾಠ ಕಳಿಸಿತು. 2017ರಲ್ಲಿ ಕೇಂದ್ರ ಸರ್ಕಾರದ 'ಸ್ವಯಂ' ಬಂತು.

ಇಂಥ ಪಾಠಗಳಲ್ಲಿ ಬಹಳಷ್ಟನ್ನು ತೆಗೆಯುವುದು ಸ್ಟುಡಿಯೋದಲ್ಲಿ. ಗುರುಗಳು ಒಂದು ಕೋಣೆಯಲ್ಲಿ ಕ್ಯಾಮೆರಾದ ಕಣ್ಣನ್ನೇ ನೋಡುತ್ತ ಮಾತನಾಡುತ್ತಾರೆ. ತಪ್ಪಿದರೆ ನಿಲ್ಲಿಸಿ ಮತ್ತೆ ಹೇಳಬಹುದು. ಮಕ್ಕಳು ತುಂಬಿದ ಸಭಾಂಗಣದ ನೇರ ಉಪನ್ಯಾಸದ ದಾರಿಯೇ ಬೇರೆ. ಅಲ್ಲಿ "ಇನ್ನೊಂದ್ಸಲ ಹೇಳಿ ಸರ್" ಎನ್ನುವಂತಿಲ್ಲ. ಕೇಳುವವರ ಮುಖ, ಅವರ ನಗು, ಅವರ ಪ್ರಶ್ನೆ ಇವೆಲ್ಲ ಉಪನ್ಯಾಸದ ಭಾಗವೇ. ಒಂದೇ ಕ್ಯಾಮೆರಾ ಇವೆಲ್ಲವನ್ನೂ ಹಿಡಿಯಲಾರದು. ಅದಕ್ಕೇ ಮೂರು.

ಜನರ ಎದುರಿಗೆ ನಡೆಯುವುದನ್ನು ಒಟ್ಟಿಗೇ ಮೂರು ಕ್ಯಾಮೆರಾಗಳಿಂದ ತೆಗೆಯುವ ಪದ್ಧತಿ ಹೆಸರಾದದ್ದು 1951ರಲ್ಲಿ, ಅಮೆರಿಕದ 'ಐ ಲವ್ ಲೂಸಿ' ಎಂಬ ಟೀವಿ ಹಾಸ್ಯ ಧಾರಾವಾಹಿಯಿಂದ. ಲೂಸಿಲ್ ಬಾಲ್ ಎಂಬ ನಟಿ ಅದರಲ್ಲಿ ಮಾಡಿದ್ದು ಗೃಹಿಣಿಯ ಪಾತ್ರ! ನೋಡಲು ಬಂದ ಜನ ನಿಜವಾಗಿ ನಗುತ್ತಿದ್ದಾಗಲೇ ಚಿತ್ರೀಕರಣ ಆಗಬೇಕು, ಅವರ ನಗುವಿಗೆ ತಕ್ಕಂತೆ ನಟಿಯ ಆಟವೂ ಹರಿಯಬೇಕು, ನಡುವೆ ನಿಲ್ಲಿಸಿ ಕ್ಯಾಮೆರಾ ಸರಿಸಬಾರದು. ಇದಕ್ಕಾಗಿ ಕಾರ್ಲ್ ಫ್ರಾಯ್ಂಡ್ ಎಂಬ ಅನುಭವಿ ಛಾಯಾಗ್ರಾಹಕರು ಮೂರು ಕ್ಯಾಮೆರಾಗಳಿಗೂ ಹೊಂದುವ ಬೆಳಕಿನ ವ್ಯವಸ್ಥೆ ಮಾಡಿದರು. ಇಂದು ನಮ್ಮ ಕಾಲೇಜಿನ ಮಕ್ಕಳು ಮಾಡುವುದರ ಮೂಲತತ್ತ್ವವೂ ಇದೇ.

ಕಣ್ಣಾರೆ ನೋಡಿದ್ದು

ನಮ್ಮ ಜಿಲ್ಲಾ ಕೇಂದ್ರದ ಒಂದು ಕಾಲೇಜಿನಲ್ಲಿ ಇಂಥದೊಂದು ಚಿತ್ರೀಕರಣವನ್ನು ಹತ್ತಿರ ಕುಳಿತು ನೋಡುವ ಅವಕಾಶ ನನಗೆ ಸಿಕ್ಕಿತು. ನಮ್ಮಕ್ಕನ ಮಗಳು ಆ ತಂಡದಲ್ಲಿದ್ದಾಳೆ. "ಕಾಲೇಜಿಗೆ ಕಳಿಸಿದ್ದು ಓದೋದಕ್ಕೆ, ವೈರು ಎಳೆಯೋದಕ್ಕಲ್ಲ" ಎಂಬುದು ನಮ್ಮ ಭಾವನ ಮಾತು. ಅಕ್ಕನಿಗೆ ಎರಡೂ ಕಡೆ ಇಕ್ಕಟ್ಟು. "ನೀನೇ ಒಂದ್ಸಲ ಹೋಗಿ ನೋಡ್ಕೊಂಡು ಬಾರೇ, ಅದೇನು ಕೆಲಸ ಅಂತ ನಂಗೂ ತಿಳೀಲಿ" ಎಂದಳು. ಹೋದೆ.

ಅಂದಿನ ವಿಷಯ ಹೆಣ್ಣುಮಕ್ಕಳ ರಕ್ತಹೀನತೆ. ಮಾತನಾಡಲು ಬಂದವರು ಒಬ್ಬ ವೈದ್ಯೆ. ಉಪನ್ಯಾಸ ಮೂರು ಗಂಟೆಗೆ, ಮಕ್ಕಳು ಹನ್ನೆರಡಕ್ಕೇ ಹಾಜರು! ಒಟ್ಟು ಒಂಬತ್ತು ಜನ. ಮೂರು ಕ್ಯಾಮೆರಾಗಳಿಗೆ ಮೂವರು, ಧ್ವನಿಗೆ ಒಬ್ಬಳು, ವೇದಿಕೆಯ ಹತ್ತಿರ ನಿಂತು ಸೂಚನೆ ಕೊಡಲು ಒಬ್ಬ, ಪ್ರಶ್ನೆ ಕೇಳುವವರ ಬಳಿಗೆ ಮೈಕು ಒಯ್ಯಲು ಒಬ್ಬಳು, ಚಿತ್ರ ಬದಲಿಸುವ ಯಂತ್ರಕ್ಕೆ ಒಬ್ಬ, ನೇರಪ್ರಸಾರದ ಕಂಪ್ಯೂಟರಿಗೆ ಒಬ್ಬ. ಇವರೆಲ್ಲರಿಗೂ "ಈಗ ಇದು, ಆಮೇಲೆ ಅದು" ಎಂದು ಹೇಳುವ ನಿರ್ದೇಶಕಿ ನಮ್ಮ ಹುಡುಗಿ. ಮೇಲ್ವಿಚಾರಣೆಗೆ ಅವರ ಮೇಷ್ಟ್ರು.

ಒಂದನೇ ಕ್ಯಾಮೆರಾ ಸಭಾಂಗಣದ ಹಿಂಭಾಗದಲ್ಲಿ, ನಡುಮಧ್ಯೆ. ಇಡೀ ವೇದಿಕೆ ತೋರಿಸುವುದು ಅದರ ಕೆಲಸ. ಬೇರೆ ಯಾವುದಕ್ಕಾದರೂ ತೊಂದರೆಯಾದರೆ ಇದೊಂದು ಕಾಪಾಡುತ್ತದೆ. ಅಡಿಗೆಮನೆಯಲ್ಲಿ ಅನ್ನ ಇದ್ದ ಹಾಗೆ. ಎರಡನೆಯದು ಪಕ್ಕದಲ್ಲಿ, ವೈದ್ಯೆಯ ಮುಖ ಮತ್ತು ಕೈಗಳಿಗೆ. ಮೂರನೆಯದು ವೇದಿಕೆಯ ಮೂಲೆಯಿಂದ ಕೇಳುಗರ ಕಡೆಗೆ. ಚಿತ್ರಪಟದ ಚಿತ್ರಗಳನ್ನು ಮಾತ್ರ ಕ್ಯಾಮೆರಾದಿಂದ ತೆಗೆಯದೆ, ವೈದ್ಯೆಯ ಲ್ಯಾಪ್‌ಟಾಪಿನಿಂದ ನೇರವಾಗಿ ವೈರಿನಲ್ಲಿ ತಂದರು. ಪರದೆ ಬಹಳ ಬೆಳ್ಳಗೆ ಹೊಳೆಯುತ್ತದೆ. ಅದಕ್ಕೆ ಬೆಳಕು ಹೊಂದಿಸಿದರೆ ಪಕ್ಕದಲ್ಲಿ ನಿಂತವರ ಮುಖ ಕಪ್ಪಾಗುತ್ತದೆ, ಮುಖಕ್ಕೆ ಹೊಂದಿಸಿದರೆ ಅಕ್ಷರ ಮಾಯವಾಗುತ್ತದೆ.

ನನಗೆ ಅಚ್ಚರಿಯಾದದ್ದು ಇನ್ನೊಂದು ನಿಯಮ. ವೈದ್ಯೆಯಿಂದ ಕೇಳುಗರವರೆಗೆ ನೆಲದ ಮೇಲೆ ಒಂದು ಗೆರೆ ಎಳೆದಿದೆ ಎಂದುಕೊಳ್ಳಿ. ಮೂರೂ ಕ್ಯಾಮೆರಾಗಳು ಆ ಗೆರೆಯ ಒಂದೇ ಬದಿಗಿರಬೇಕು, ಹೆಚ್ಚೆಂದರೆ ಗೆರೆಯ ಮೇಲಿರಬಹುದು. ಒಂದು ಆಚೆ ಬದಿಗೆ ಹೋಯಿತೋ, ಬಲಕ್ಕೆ ನೋಡುತ್ತಿದ್ದ ವೈದ್ಯೆ ಮರುಕ್ಷಣ ಎಡಕ್ಕೆ ನೋಡುತ್ತಿರುವಂತೆ ಕಾಣುತ್ತಾರೆ. ಮನೆಯಲ್ಲಿ ನೋಡುವವರಿಗೆ ಯಾರು ಯಾರ ಜೊತೆ ಮಾತನಾಡುತ್ತಿದ್ದಾರೆ ಎಂದೇ ತಿಳಿಯುವುದಿಲ್ಲ!

ಬಣ್ಣ ಹೊಂದಿಸುವುದಕ್ಕೆ ಒಂದು ಬಿಳಿ ಹಾಳೆ. ವೇದಿಕೆಯ ದೀಪಗಳ ಕೆಳಗೆ ಅದನ್ನು ಹಿಡಿದು "ಇದೇ ಬಿಳಿ" ಎಂದು ಮೂರು ಕ್ಯಾಮೆರಾಗಳಿಗೂ ತೋರಿಸುತ್ತಾರೆ. ಹಾಗೆ ಮಾಡದಿದ್ದರೆ ಒಂದು ಕ್ಯಾಮೆರಾದಲ್ಲಿ ಕೆನೆ ಬಣ್ಣದ ಸೀರೆ ಇನ್ನೊಂದರಲ್ಲಿ ನೀಲಿ ಛಾಯೆಗೆ ತಿರುಗುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಅದಕ್ಕೆ ಸರಿಹೊಂದುವಂತೆ ಕ್ಯಾಮೆರಾವನ್ನು ಸೆಕೆಂಡಿಗೆ 25 ಚಿತ್ರಗಳಿಗೆ, ಪ್ರತಿ ಚಿತ್ರಕ್ಕೆ ಕಣ್ಣು ತೆರೆಯುವ ಅವಧಿಯನ್ನು ಸೆಕೆಂಡಿನ 50ನೇ ಒಂದು ಭಾಗಕ್ಕೆ ಇಟ್ಟರು. ಇಲ್ಲದಿದ್ದರೆ ಟ್ಯೂಬ್‌ಲೈಟಿನ ಬೆಳಕು ಚಿತ್ರದಲ್ಲಿ ಪಟಪಟನೆ ಮಿನುಗುವುದುಂಟು.

ಮೊದಲು ಕಿವಿ, ಆಮೇಲೆ ಕಣ್ಣು

"ಚಿತ್ರ ಸ್ವಲ್ಪ ಮಂಕಾದ್ರೂ ಜನ ನೋಡ್ತಾರೆ ಆಂಟಿ, ಮಾತು ಕೇಳಿಸದಿದ್ರೆ ಒಂದು ನಿಮಿಷಾನೂ ಕೂರಲ್ಲ" ಎಂದಳು ಧ್ವನಿಯ ಹುಡುಗಿ. ಎಷ್ಟು ನಿಜ! ನಾವು ಕೈಯಲ್ಲಿ ಸೊಪ್ಪು ಸೋಸುತ್ತ, ಬೆನ್ನು ಹಾಕಿ ಕುಳಿತು ಉಪನ್ಯಾಸ ಕೇಳುವವರಲ್ಲವೇ? ನಮಗೆ ಮಾತೇ ಮುಖ್ಯ.

ವೈದ್ಯೆಯ ಸೆರಗಿಗೆ ಗುಂಡಿಯಷ್ಟು ಚಿಕ್ಕ ಮೈಕು ಸಿಕ್ಕಿಸಿದರು. ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿದ ಹುಡುಗಿ ಮುಖ ಹಿಂಡಿದಳು. ಮಾತಿನ ಜೊತೆ 'ಕರ ಕರ' ಸದ್ದು. ಕಾರಣ ಹುಡುಕಿದರೆ, ಕರಿಮಣಿ ಸರ ಮೈಕಿಗೆ ಉಜ್ಜುತ್ತಿದೆ! ಮೈಕನ್ನು ಎರಡು ಬೆರಳಿನಷ್ಟು ಪಕ್ಕಕ್ಕೆ ಸರಿಸಿದ ಮೇಲೆ ಸದ್ದು ನಿಂತಿತು. ರೇಷ್ಮೆ ಸೀರೆಯ ಸರಸರ, ಗಾಜಿನ ಬಳೆ, ತಲೆಯ ಮೇಲಿನ ಫ್ಯಾನು, ಇವೆಲ್ಲ ಮೈಕಿಗೆ ಕೇಳಿಸುತ್ತವೆ. ಇಂಥ ಕಡೆ ಹುಡುಗಿಯೊಬ್ಬಳು ಇರುವುದೇ ಅನುಕೂಲ ನೋಡಿ. ಒಬ್ಬ ವೈದ್ಯೆಯ ಸೆರಗಿಗೆ ಮೈಕು ಸಿಕ್ಕಿಸಲು ಹುಡುಗ ಹಿಂಜರಿಯುತ್ತಾನೆ, ಅವರಿಗೂ ಮುಜುಗರ.

ಸಭಾಂಗಣದಲ್ಲಿ ಕುಳಿತವರಿಗೆ ಕೇಳಿಸುವ ಪ್ರಶ್ನೆ ಮನೆಯಲ್ಲಿರುವವರಿಗೂ ಕೇಳಿಸಬೇಕಾದರೆ ಅದಕ್ಕೆ ಬೇರೆಯೇ ಮೈಕು ಬೇಕು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮೈಕೆಲ್ ಸ್ಯಾಂಡೆಲ್ ಎಂಬ ಪ್ರಾಧ್ಯಾಪಕರ 'ಜಸ್ಟಿಸ್' ಪಾಠಮಾಲೆ 2009ರಲ್ಲಿ ಹನ್ನೆರಡು ಕಂತುಗಳಾಗಿ ಟೀವಿಯಲ್ಲಿ ಬಂದು ಲೋಕಪ್ರಸಿದ್ಧವಾಯಿತು. ಸಭಾಂಗಣದ ತುಂಬ ವಿದ್ಯಾರ್ಥಿಗಳು; ಗುರುಗಳು ಒಂದು ಇಕ್ಕಟ್ಟಿನ ಪ್ರಶ್ನೆ ಎಸೆಯುತ್ತಾರೆ, ವಿದ್ಯಾರ್ಥಿಗಳು ಎದ್ದು ನಿಂತು ಮೈಕಿನಲ್ಲಿ ವಾದಿಸುತ್ತಾರೆ. ಆ ಉತ್ತರಗಳು ಕೇಳಿಸದೇ ಇದ್ದಿದ್ದರೆ ಪಾಠದ ಅರ್ಧ ಸ್ವಾರಸ್ಯ ಹೋಗುತ್ತಿತ್ತು.

ಕೆಂಪು ದೀಪ ಹತ್ತಿತು

ಮೂರು ಕ್ಯಾಮೆರಾಗಳ ವೈರುಗಳೂ ಬಂದು ಸೇರುವುದು 'ಸ್ವಿಚರ್' ಎಂಬ ಯಂತ್ರಕ್ಕೆ. ಅದರ ಮುಂದಿನ ಪರದೆಯಲ್ಲಿ ಎಲ್ಲ ಚಿತ್ರಗಳೂ ಪಕ್ಕಪಕ್ಕದಲ್ಲಿ ಕಾಣುತ್ತವೆ. ಯಾವ ಗುಂಡಿ ಒತ್ತಿದರೆ ಆ ಚಿತ್ರ ಹೊರಗೆ ಹೋಗುತ್ತದೆ. ಹೊರಗೆ ಹೋಗುತ್ತಿರುವ ಕ್ಯಾಮೆರಾದ ಮೇಲೆ ಪುಟ್ಟ ಕೆಂಪು ದೀಪ ಹತ್ತುತ್ತದೆ. ಅದು ಹತ್ತಿದ್ದಾಗ ಕ್ಯಾಮೆರಾ ಹಿಡಿದವರು ಅಲುಗಾಡಿಸುವಂತಿಲ್ಲ. ಆರಿದ ಮೇಲೆ ಮುಂದಿನ ಚಿತ್ರ ಹುಡುಕಿಕೊಳ್ಳಬೇಕು.

ಎಲ್ಲರ ಕಿವಿಗೂ ಹೆಡ್‌ಫೋನ್. ನಮ್ಮ ಹುಡುಗಿ ಮೆಲುದನಿಯಲ್ಲಿ ಮಾತನಾಡುತ್ತಲೇ ಇದ್ದಳು: "ಎರಡು ರೆಡಿ... ಟೇಕ್ ಎರಡು. ಒಂದು, ಸ್ವಲ್ಪ ಎಡಕ್ಕೆ. ಮೂರು, ಬರ್ಕೋತಾ ಇರೋರು ಯಾರಾದ್ರೂ ಇದಾರಾ ನೋಡೋ." ಮನೆಯಲ್ಲಿ ಹತ್ತು ಸಲ ಕೂಗಿದರೂ ಓಗೊಡದ ಹುಡುಗಿ ಇವಳೇನಾ ಅನ್ನಿಸಿತು! ವೈದ್ಯೆಯ ಮಾತಿನಿಂದ ಕಿವಿ ಕದಲಿಸುವಂತಿಲ್ಲ. ಅವರು "ಈ ಚಿತ್ರ ನೋಡಿ" ಎನ್ನುವ ಮೊದಲೇ ಚಿತ್ರ ಸಿದ್ಧವಾಗಿರಬೇಕು. ಆ ಒಂದು ಗಂಟೆ ಅವಳಷ್ಟು ಗಮನವಿಟ್ಟು ಉಪನ್ಯಾಸ ಕೇಳಿದವರು ಆ ಸಭೆಯಲ್ಲಿ ಇನ್ನೊಬ್ಬರಿರಲಿಲ್ಲ. ಭಾವ ಹೇಳುವ 'ಓದು' ಇದಲ್ಲದೆ ಇನ್ನೇನು?

ವೈದ್ಯೆ ಹೇಳಿದ್ದರಲ್ಲಿ ನಮಗೆಲ್ಲ ಬೇಕಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆಯಿದ್ದರೆ, ಬಸುರಿಯರಲ್ಲಿ 11ಕ್ಕಿಂತ ಕಡಿಮೆಯಿದ್ದರೆ, ರಕ್ತಹೀನತೆ ಎಂದು ಲೆಕ್ಕ. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ. ನಡುವೆ ಒಂದು ಗಂಟೆಯಾದರೂ ಬಿಡುವಿರಲಿ. ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಂಡರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಮಾತ್ರೆ ತಿನ್ನುವಾಗ ಮಲ ಕಪ್ಪಾದರೆ ಹೆದರಬೇಕಿಲ್ಲ.

ಉಪನ್ಯಾಸ ಅರ್ಧ ಆಗಿರಬೇಕು, ಕರೆಂಟು ಹೋಯಿತು! ಸಭೆಯಲ್ಲಿ 'ಓ' ಎಂಬ ಉದ್ಗಾರ. ಯುಪಿಎಸ್ ಇದ್ದದ್ದರಿಂದ ಸ್ವಿಚರ್ ನಿಲ್ಲಲಿಲ್ಲ. ಆದರೆ ಇಂಟರ್ನೆಟ್ಟಿನ ಪೆಟ್ಟಿಗೆಯನ್ನು ಯುಪಿಎಸ್ಸಿಗೆ ಸಿಕ್ಕಿಸಿರಲಿಲ್ಲ. ಮನೆಯಲ್ಲಿ ನೋಡುತ್ತಿದ್ದವರಿಗೆ ಎಲ್ಲ ನಿಂತುಹೋಯಿತು. ಕೂಡಲೇ ಅಕ್ಕನ ಫೋನು: "ಏನೇ ಅದು, ಡಾಕ್ಟ್ರು ಬಾಯಿ ತೆರೆದವರು ಹಾಗೇ ನಿಂತ್ಬಿಟ್ರು!" ವೈದ್ಯೆ ಮಾತ್ರ ಕಿಟಕಿಯ ಬೆಳಕಿನಲ್ಲೇ ದನಿ ಏರಿಸಿ ಮುಂದುವರಿಸಿದರು. ಜನರೇಟರ್ ಶುರುವಾಗಿ ನೇರಪ್ರಸಾರ ಮತ್ತೆ ಹೊರಡಲು ನಾಲ್ಕು ನಿಮಿಷ ಹಿಡಿಯಿತು. ಆದರೂ ಒಂದು ಮಾತೂ ನಷ್ಟವಾಗಲಿಲ್ಲ. ಪ್ರತಿ ಕ್ಯಾಮೆರಾ ತನ್ನ ಬ್ಯಾಟರಿಯಲ್ಲೇ ನಡೆಯುತ್ತ ತನ್ನದೇ ಕಾರ್ಡಿನಲ್ಲಿ ಎಲ್ಲವನ್ನೂ ಹಿಡಿದಿಡುತ್ತಿತ್ತು. ಧ್ವನಿಗೂ ಬ್ಯಾಟರಿಯ ಬೇರೊಂದು ಯಂತ್ರವಿತ್ತು. ನೇರಪ್ರಸಾರದಲ್ಲಿ ತಪ್ಪಿದ್ದನ್ನು ಆಮೇಲೆ ಜೋಡಿಸಿ ಪೂರ್ತಿ ಉಪನ್ಯಾಸವನ್ನು ಹಾಕಿದರು. ಉಪ್ಪಿನಕಾಯಿಯನ್ನು ಎರಡು ಜಾಡಿಯಲ್ಲಿ ತುಂಬಿಡುವ ನಮಗೆ ಈ ಬುದ್ಧಿವಂತಿಕೆ ಅರ್ಥವಾಗದೇ ಇರುತ್ತದೆಯೇ?

ತೋರಿಸದೇ ಇರುವುದೂ ಒಂದು ಕೆಲಸ

ಕೊನೆಗೆ ಪ್ರಶ್ನೋತ್ತರ. ಮೂರು ನಾಲ್ಕು ಪ್ರಶ್ನೆಗಳಾದ ಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗಿ ಕೈಯೆತ್ತಿದಳು. ಮೈಕು ಅವಳ ಹತ್ತಿರ ಹೋಯಿತು. ಅವಳು ಎದ್ದವಳು ನೆಲ ನೋಡುತ್ತ, ತನಗೆ ತಿಂಗಳ ಮುಟ್ಟು ಎಂಟು ಹತ್ತು ದಿನ ನಿಲ್ಲುವುದೇ ಇಲ್ಲವೆಂದೂ, ತಲೆ ಸುತ್ತುತ್ತದೆಂದೂ, ಮನೆಯಲ್ಲಿ ಹೇಳಿದರೆ "ಎಲ್ಲರಿಗೂ ಇದ್ದದ್ದೇ" ಎನ್ನುತ್ತಾರೆಂದೂ ಹೇಳಿದಳು. ಸಭೆ ನಿಶ್ಶಬ್ದ.

ನಾನು ಸ್ವಿಚರಿನ ಹಿಂದೆಯೇ ಕುಳಿತಿದ್ದೆ. ಮೂರನೇ ಕ್ಯಾಮೆರಾದ ಚಿತ್ರದಲ್ಲಿ ಆ ಹುಡುಗಿಯ ಮುಖ ಆಗಲೇ ದೊಡ್ಡದಾಗಿ ತುಂಬಿತ್ತು. ಕಣ್ಣಂಚಿನ ನೀರು ಕೂಡ ಕಾಣುತ್ತಿತ್ತು. ಚಿತ್ರವೆಂದರೆ ಅದೇ ಚಿತ್ರ! ಕ್ಯಾಮೆರಾ ಹುಡುಗ "ಮೂರು ರೆಡಿ, ಮೂರು ರೆಡಿ" ಎಂದು ಎರಡು ಸಲ ಹೇಳಿದನಂತೆ. ಗುಂಡಿಯ ಮೇಲೆ ಬೆರಳಿಟ್ಟ ಹುಡುಗ ನಮ್ಮ ಹುಡುಗಿಯ ಮುಖ ನೋಡಿದ.

"ಮೂರು ಬೇಡ. ಎರಡರಲ್ಲೇ ಇರು. ಮೂರು, ಅವಳ ಮೇಲಿಂದ ತೆಗಿ, ಸೀಲಿಂಗಿಗಾದ್ರೂ ತಿರುಗಿಸು."

ಹೊರಗೆ ಹೋದದ್ದು ಕೇಳಿಸಿಕೊಳ್ಳುತ್ತಿದ್ದ ವೈದ್ಯೆಯ ಮುಖ ಮಾತ್ರ. ಅವರು ತಾಳ್ಮೆಯಿಂದ ಉತ್ತರ ಕೊಟ್ಟರು. ಏಳು ದಿನಕ್ಕಿಂತ ಹೆಚ್ಚು ಹೋಗುವುದು, ಗಂಟೆಗೊಂದು ಪ್ಯಾಡ್ ಬದಲಿಸಬೇಕಾಗುವುದು, ಇವು "ಎಲ್ಲರಿಗೂ ಇದ್ದದ್ದಲ್ಲ". ತಡಮಾಡದೆ ವೈದ್ಯರಿಗೆ ತೋರಿಸಬೇಕು, ರಕ್ತಹೀನತೆಗೆ ಇದೂ ಒಂದು ಮುಖ್ಯ ಕಾರಣ ಎಂದರು. ಅಂದಿನ ಉಪನ್ಯಾಸದಲ್ಲಿ ಎಲ್ಲಕ್ಕಿಂತ ಉಪಯೋಗದ ಮಾತು ಬಂದದ್ದು ಆ ಹುಡುಗಿಯ ಪ್ರಶ್ನೆಯಿಂದಲೇ.

ಎಲ್ಲ ಮುಗಿದ ಮೇಲೆ "ಯಾಕೆ ತೋರಿಸ್ಲಿಲ್ಲ?" ಎಂದು ಕೇಳಿದೆ. ವೈರು ಸುತ್ತುತ್ತಲೇ ಹೇಳಿದಳು: "ಅವಳು ಡಾಕ್ಟ್ರನ್ನ ಕೇಳಿದ್ಲು ಚಿಕ್ಕಮ್ಮ, ಊರನ್ನಲ್ಲ."

ಮುಖ ಹೊರಗೆ ಹೋಗದಿದ್ದರೂ ಮೂರನೇ ಕ್ಯಾಮೆರಾದ ಕಾರ್ಡಿನಲ್ಲಿ ಉಳಿದಿತ್ತಲ್ಲ? ಇವಳೂ ಮೇಷ್ಟ್ರೂ ಆ ಹುಡುಗಿಯನ್ನು ಕರೆದು ಅವಳ ಎದುರಿಗೇ ಆ ಭಾಗವನ್ನು ಅಳಿಸಿದರು. ಪ್ರಶ್ನೆಯ ಧ್ವನಿಯನ್ನೂ ತೆಗೆಯಬೇಕೇ ಎಂದು ಕೇಳಿದರು. ಅವಳು ಸ್ವಲ್ಪ ಯೋಚಿಸಿ, "ಧ್ವನಿ ಬದಲಿಸಿ ಹಾಕಿ. ಪ್ರಶ್ನೆ ಇರ್ಲಿ" ಎಂದಳು. ಹಾಗೆಯೇ ಮಾಡಿದರು. ಮುಂದಿನ ಉಪನ್ಯಾಸದಿಂದ, ಬಲಬದಿಯ ಕೊನೆಯ ಎರಡು ಸಾಲುಗಳನ್ನು ಯಾವ ಕ್ಯಾಮೆರಾವೂ ತೋರಿಸಬಾರದೆಂದು ತಂಡ ತೀರ್ಮಾನಿಸಿತು. ಚಿತ್ರದಲ್ಲಿ ಬರಲು ಇಷ್ಟವಿಲ್ಲದವರು ಅಲ್ಲಿ ಕೂರಬಹುದು. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದೂ ಕೊಡಬಹುದು.

ಕ್ಯಾಮೆರಾ ಹಿಡಿದವರು ಅಲ್ಲಿಗೆ ಬರಲಾಗದವರ ಪರವಾಗಿ ನೋಡುತ್ತಾರೆ, ಕೇಳುತ್ತಾರೆ. ಅದು ಅವರ ಅರ್ಧ ಕೆಲಸ. ಅಲ್ಲಿ ಕುಳಿತವರ ಮಾನವನ್ನೂ ಕಾಯುವುದು ಇನ್ನರ್ಧ. ಗುಂಡಿ ಒತ್ತುವುದನ್ನು ಒಂದು ವಾರದಲ್ಲಿ ಯಾರಾದರೂ ಕಲಿಯಬಹುದು. ಯಾವಾಗ ಒತ್ತಬಾರದು ಎಂಬುದಕ್ಕೆ ಮನೆಯಲ್ಲಿ ಕಲಿತ ಸಂಸ್ಕಾರವೂ ಬೇಕು. ಅಂಥ ಕಡೆ ನಮ್ಮ ಹೆಣ್ಣುಮಕ್ಕಳು ಇರಬೇಕೋ ಬೇಡವೋ, ನೀವೇ ಹೇಳಿ.

ನಮ್ಮ ಭಾವ ಪೂರ್ತಿ ಉಪನ್ಯಾಸವನ್ನು ಮೊಬೈಲಿನಲ್ಲಿ ನೋಡಿದರು. ಹೊಗಳಲಿಲ್ಲ, ಬೈಯಲೂ ಇಲ್ಲ. "ಎಷ್ಟು ಹೊತ್ತಿಗೆ ಬರ್ತಾಳೆ ಅನ್ನೋದನ್ನ ಮುಂಚೇನೇ ಹೇಳ್ಲಿ" ಎಂದರು, ಅಷ್ಟೇ. ಸದ್ಯಕ್ಕೆ ಅಷ್ಟು ಸಾಕು ಎಂದಳು ಅಕ್ಕ.

ತಾಯಂದಿರಿಗೆ ಕೆಲವು ಮಾತು

ಮಗಳು ಇಂಥ ತಂಡಕ್ಕೆ ಸೇರುತ್ತೇನೆಂದರೆ ಇವನ್ನು ವಿಚಾರಿಸಿಕೊಳ್ಳಿ:

ಸಮಯ: ಉಪನ್ಯಾಸ ಮುಗಿಯುವುದು ನಾಲ್ಕಕ್ಕಾದರೆ ಕೆಲಸ ಮುಗಿಯುವುದು ಆರಕ್ಕೆ. ವೈರು ಸುತ್ತಬೇಕು, ಸಾಮಾನು ಎಣಿಸಿ ಒಪ್ಪಿಸಬೇಕು. ಮನೆಗೆ ಯಾರ ಜೊತೆ, ಯಾವ ಬಸ್ಸಿಗೆ ಎಂಬುದು ಮೊದಲೇ ಗೊತ್ತಿರಲಿ.

ಸಾಮಾನು: ಕ್ಯಾಮೆರಾ, ಲೆನ್ಸುಗಳ ಬೆಲೆ ಹೆಚ್ಚು. ತೆಗೆದುಕೊಳ್ಳುವಾಗ, ಕೊಡುವಾಗ ಪುಸ್ತಕದಲ್ಲಿ ಬರೆಸಿ ಸಹಿ ಹಾಕುವ ಪದ್ಧತಿ ಇದೆಯೇ, ಕೆಟ್ಟರೆ ಹೊಣೆ ಯಾರದು ಎಂದು ಕೇಳಿ.

ಕೆಲಸದ ಹಂಚಿಕೆ: ಹುಡುಗಿಯರನ್ನು ಸ್ವಾಗತಕ್ಕೆ, ಹೂಗುಚ್ಛ ಕೊಡುವುದಕ್ಕೆ ಮಾತ್ರ ನಿಲ್ಲಿಸಿದರೆ ಪ್ರಯೋಜನವಿಲ್ಲ. ಕ್ಯಾಮೆರಾ, ಧ್ವನಿ, ನಿರ್ದೇಶನ, ವೈರು ಎಳೆಯುವುದು ಎಲ್ಲವೂ ಸರದಿಯ ಮೇಲೆ ಸಿಗಬೇಕು. ಕ್ಯಾಮೆರಾದ ಭಾರವನ್ನು ಮೂರು ಕಾಲಿನ ಸ್ಟ್ಯಾಂಡು ಹೊರುತ್ತದೆ, ಹೆದರಬೇಡಿ.

ಉಡುಪು, ಊಟ: ಚಪ್ಪಟೆ ಅಟ್ಟೆಯ ಚಪ್ಪಲಿ, ಪಿನ್ನು ಹಾಕಿದ ದುಪಟ್ಟಾ, ಬಳೆಯಿಲ್ಲದ ಕೈ. ಡಬ್ಬಿಗೆ ಸುರುಳಿ ಸುತ್ತಿದ ಚಪಾತಿ, ಕಡಲೆಕಾಯಿ ಬೀಜದ ಚಿಕ್ಕಿ ಹಾಕಿ ಕಳಿಸಿ. ಎಣ್ಣೆಯ ಕೈ ಲೆನ್ಸಿಗಾಗದು.

ಕ್ಯಾಮೆರಾದ ಮುಂದೆ ಕೂರುವ ಮಕ್ಕಳಿಗೂ ಒಂದು ಮಾತು ಹೇಳಿಕೊಡಿ: "ಇದನ್ನು ಎಲ್ಲಿ ಹಾಕುತ್ತೀರಿ? ನನ್ನ ಮುಖ ಬೇಡವೆಂದರೆ ಎಲ್ಲಿ ಕೂರಲಿ?" ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಮಹಿಳಾ ಸಮಾಜದವರಿಗೆ

ದೊಡ್ಡ ಸಾಮಾನಿಲ್ಲದೆಯೂ ಈ ಕೆಲಸವನ್ನು ಮಾಡಬಹುದು. ಎರಡು ಮೊಬೈಲು, ಎರಡು ಸ್ಟ್ಯಾಂಡು, ಸೆರಗಿಗೆ ಸಿಕ್ಕಿಸುವ ಒಂದು ಮೈಕು ಸಾಕು. ಮೊಬೈಲನ್ನು ಅಡ್ಡಡ್ಡ ಇಡಿ. ಒಂದು ದೂರದಿಂದ ಇಡೀ ವೇದಿಕೆಗೆ, ಇನ್ನೊಂದು ಹತ್ತಿರದಿಂದ ಮುಖಕ್ಕೆ. ಎರಡೂ ಒಂದೇ ಬದಿಯಲ್ಲಿರಲಿ. ನಡುವೆ ಫೋನು ಬರದಂತೆ ಏರೋಪ್ಲೇನ್ ಮೋಡಿಗೆ ಹಾಕಿ. ಪೂರ್ತಿ ಚಾರ್ಜು ಮಾಡಿ, ಬೇಡದ ಚಿತ್ರಗಳನ್ನು ಅಳಿಸಿ ಜಾಗ ಮಾಡಿಟ್ಟುಕೊಳ್ಳಿ. ಮಾತನಾಡುವವರ ಬೆನ್ನಿಗೆ ಕಿಟಕಿ ಇರಬಾರದು, ಮುಖ ಕಪ್ಪಾಗುತ್ತದೆ. ಎರಡೂ ಮೊಬೈಲು ಶುರುವಾದ ಮೇಲೆ ಒಬ್ಬರು ಎದುರು ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಆಮೇಲೆ ಎರಡನ್ನೂ ಜೋಡಿಸುವವರಿಗೆ ಆ ಚಪ್ಪಾಳೆಯೇ ಗುರುತು. ಎಲ್ಲಕ್ಕೂ ಮೊದಲು ಒಂದು ನಿಮಿಷ ತೆಗೆದು, ಹೆಡ್‌ಫೋನ್ ಹಾಕಿ ಕೇಳಿ ನೋಡಿ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡುವುದಿಲ್ಲವೇ, ಹಾಗೆ.

ಕೊನೆಯದಾಗಿ ಇನ್ನೊಂದು ಮಾತು. ಮನೆಗೆ ಬರುವ ಪಾಠಗಳಲ್ಲಿ ಇಂಗ್ಲಿಷಿನವೇ ಹೆಚ್ಚು. ನಿಮ್ಮೂರ ಕಾಲೇಜಿಗೆ ವೈದ್ಯರು, ವಕೀಲರು, ಕೃಷಿ ತಜ್ಞರು ಬಂದು ಕನ್ನಡದಲ್ಲೇ ಮಾತನಾಡಿ ಹೋಗುತ್ತಿರಬಹುದು. ಆ ಮಾತು ಸಭಾಂಗಣದ ಗೋಡೆಗಳ ನಡುವೆಯೇ ಉಳಿದುಬಿಡುತ್ತದೆ. ಅಂಥದನ್ನು ಮಕ್ಕಳ ಕೈಯಲ್ಲೇ ತೆಗೆಸಿ ಎಲ್ಲರಿಗೂ ಸಿಗುವಂತೆ ಮಾಡಿ ಎಂದು ಪ್ರಾಂಶುಪಾಲರಿಗೆ ನಾಲ್ಕು ಸಾಲು ಬರೆಯಿರಿ. ಕೆಳಗೆ ನಿಮ್ಮ ಬೀದಿಯ ಹತ್ತು ಜನ ಗೃಹಿಣಿಯರ ಸಹಿ ಇರಲಿ. ಕೇಳುವವರು ಇದ್ದಾರೆಂದು ಗೊತ್ತಾದರೆ ಮಾಡುವವರಿಗೂ ಹುರುಪು ಬರುತ್ತದೆ.